ತಗಡು ಮಡಚಿ ಆಭರಣ: ಎರಡು ದಿನದ ಕಮ್ಮಟಕ್ಕೊಂದು ಕೈಪಿಡಿ

ಕಮ್ಮಟ ಎಂಬ ಮಾತಿಗೆ ಹಿಂದೆ ಟಂಕಸಾಲೆ, ಅಂದರೆ ನಾಣ್ಯಕ್ಕೆ ಅಚ್ಚು ಹಾಕುವ ಜಾಗ ಎಂಬ ಅರ್ಥವಿತ್ತು. ಕಥಾಕಮ್ಮಟ, ಕಾವ್ಯಕಮ್ಮಟಗಳ ಬಳಕೆಯಲ್ಲಿ ಆ ಸುತ್ತಿಗೆಯ ಸದ್ದು ಅಡಗಿಹೋಗಿದೆ. ಇಲ್ಲಿ ವಿವರಿಸುತ್ತಿರುವ ಕಮ್ಮಟದಲ್ಲಿ ಸದ್ದಿಗೇನೂ ಕೊರತೆಯಿಲ್ಲ. ತೆಳುವಾದ ತಾಮ್ರದ ತಗಡನ್ನು ಮಡಚಿ, ಬಡಿದು, ಕಾಸಿ, ಮತ್ತೆ ಬಿಚ್ಚಿ, ಎಲೆ, ಚಿಪ್ಪು, ಮೊಗ್ಗುಗಳಂಥ ಉಬ್ಬುತಗ್ಗಿನ ಆಕಾರಗಳನ್ನು ಪಡೆದು, ಅವುಗಳಿಂದ ಓಲೆಯನ್ನೋ ಪದಕವನ್ನೋ ಮಾಡಿಕೊಳ್ಳುವ ಎರಡು ದಿನದ ಕೆಲಸ ಇದು. ಪುಣೆಯ ಕೊಥ್ರೂಡಿನಲ್ಲಿ ನಮ್ಮ ಮನೆಯ ತಾರಸಿಯ ಮೇಲೆ, ಒಂದು ಸಲಕ್ಕೆ ಆರು ಜನರಂತೆ, ಕನ್ನಡದ ಗೆಳೆಯ ಗೆಳತಿಯರಿಗೆ ಇದನ್ನು ಕಲಿಸುತ್ತ ಬಂದಿದ್ದೇನೆ. ಅಲ್ಲಿ ಬಾಯಿಮಾತಿನಲ್ಲಿ ಹೇಳುವುದನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ಮನೆಯಲ್ಲಿ ತಾವೇ ಮಾಡಿ ನೋಡಬೇಕೆನ್ನುವವರಿಗೂ ಇಷ್ಟು ವಿವರ ಸಾಕಾದೀತು.

ಲೋಹವನ್ನು ಮಡಚುವುದು ನಮಗೆ ಹೊಸದಲ್ಲ. ಟ್ರಂಕಿನ ಅಂಚು, ಡಬ್ಬಿಯ ಬಾಯಿ, ಕೊಡದ ಕಂಠ, ಎಲ್ಲ ಕಡೆಯೂ ತಗಡಿನ ಮಡಿಕೆ ಇದ್ದೇ ಇದೆ. ಆದರೆ ಆ ಮಡಿಕೆಗಳು ಅಂಚನ್ನು ಗಟ್ಟಿಮಾಡುವುದಕ್ಕೆ ಇರುವಂಥವು, ಒಮ್ಮೆ ಹಾಕಿದ ಮೇಲೆ ಅವನ್ನು ಯಾರೂ ಬಿಚ್ಚುವುದಿಲ್ಲ. ಮಡಚಿ, ಬಡಿದು, ಬಿಚ್ಚುವುದನ್ನೇ ಆಕಾರ ಕೊಡುವ ಒಂದು ಪದ್ಧತಿಯಾಗಿ 1980ರ ದಶಕದಲ್ಲಿ ರೂಪಿಸಿದವರು, ಜರ್ಮನಿಯಲ್ಲಿ ಅಕ್ಕಸಾಲೆ ಕೆಲಸ ಕಲಿತ ಕೆನಡಾದ ಚಾರ್ಲ್ಸ್ ಲೂಟನ್-ಬ್ರೇನ್. ಫೋಲ್ಡ್ ಫಾರ್ಮಿಂಗ್ ಎಂಬ ಹೆಸರಿನಿಂದ ಅದು ಈಗ ಪ್ರಪಂಚದ ಎಲ್ಲ ಕಡೆ ಬಳಕೆಯಲ್ಲಿದೆ. ಇದಕ್ಕೆ ಅಚ್ಚು ಬೇಡ, ಎರಕ ಬೇಡ, ಬೆಸುಗೆಯೂ ಬಹುಮಟ್ಟಿಗೆ ಬೇಡ. ಲೋಹಕ್ಕೆ ಬಾಗುವ, ಹಿಗ್ಗುವ, ಗಡುಸಾಗುವ ಸ್ವಭಾವ ಇದೆಯಲ್ಲ, ಅದನ್ನೇ ಕೆಲಸಕ್ಕೆ ಹಚ್ಚುವುದು ಈ ಪದ್ಧತಿಯ ತಿರುಳು.

ಮೊದಲ ದಿನ ಬೆಳಿಗ್ಗೆ ಎಲ್ಲರ ಕೈಗೂ ಒಂದೊಂದು ಕಾಗದ ಕೊಟ್ಟು ಮಡಚಲು ಹೇಳುತ್ತೇನೆ. ಕಾಗದದಲ್ಲಿ ಬಂದ ಆಕಾರ ತಗಡಿನಲ್ಲೂ ಹಾಗೇ ಬರುತ್ತದೆಂದು ಎಣಿಸಬಾರದು. ಕಾಗದ ಮಡಿಯುತ್ತದೆಯೇ ಹೊರತು ಹಿಗ್ಗುವುದಿಲ್ಲ, ಆದ್ದರಿಂದ ಅದರ ಆಟವೆಲ್ಲ ಗೆರೆಗಳಲ್ಲೇ ಮುಗಿಯುತ್ತದೆ. ತಗಡು ಮಡಿಯುವುದರ ಜೊತೆಗೆ ಸುತ್ತಿಗೆ ಬಿದ್ದಲ್ಲಿ ತೆಳುವಾಗಿ ಉದ್ದವೂ ಆಗುತ್ತದೆ. ಮಡಿಕೆಯ ಒಂದು ಬದಿ ಉದ್ದವಾಗಿ ಇನ್ನೊಂದು ಬದಿ ಇದ್ದಷ್ಟೇ ಉಳಿದಾಗ ಹುಟ್ಟುವ ಬಾಗನ್ನು ಯಾವ ಕಾಗದದಿಂದಲೂ ಪಡೆಯಲಾಗದು. ಕಾಗದದ ಕೆಲಸ ಅಳತೆ ಹಿಡಿಯುವುದಕ್ಕೆ ಮಾತ್ರ ಎಂದು ತಿಳಿದುಕೊಂಡರೆ ಸಾಕು.

ತಗಡು, ಅದರ ದಪ್ಪ, ಅದನ್ನು ಕೊಳ್ಳುವ ಬಗೆ

ಕಲಿಯುವುದಕ್ಕೆ ತಾಮ್ರಕ್ಕಿಂತ ಒಳ್ಳೆಯ ಲೋಹವಿಲ್ಲ. ಅದು ಮೆತ್ತಗಿದೆ, ಎಷ್ಟು ಸಲ ಕಾಸಿದರೂ ತಾಳುತ್ತದೆ, ಕೈತಪ್ಪಿನಿಂದ ಕರಗಿಹೋಗುವ ಭಯ ಕಡಿಮೆ. ಅದು ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಿತ್ತಾಳೆಯನ್ನು ಮೊದಲಿಗೆ ಮುಟ್ಟಬೇಡಿ, ಬಿಸಿಯಿದ್ದಾಗ ಬಾಗಿಸಿದರೆ ಅದು ಬಿರಿಯುತ್ತದೆ, ಹೆಚ್ಚು ಕಾಸಿದರೆ ಅದರಲ್ಲಿರುವ ಸತುವು ಹೊಗೆಯಾಗಿ ಎದ್ದು ಎದೆಗೆ ತೊಂದರೆ ಕೊಡುತ್ತದೆ. ಅಲ್ಯೂಮಿನಿಯಂ ಕೆಂಪಗಾಗದೆಯೇ ಸುಮಾರು 660 ಡಿಗ್ರಿಯಲ್ಲಿ ಕುಸಿದುಬಿಡುವುದರಿಂದ ಹೊಸಬರ ಕೈಗೆ ಅದೂ ಬೇಡ.

ಪುಣೆಯಲ್ಲಿ ಇರುವವರು ಒಮ್ಮೆಯಾದರೂ ಕಸಬಾ ಪೇಟೆಯ ತಾಂಬಟ್ ಆಳಿಗೆ ಹೋಗಿ ಬರಬೇಕು. ಪೇಶ್ವೆಯರ ಕಾಲದಿಂದ ತಾಮ್ರದ ಕುಶಲಕರ್ಮಿಗಳು ನೆಲೆಸಿರುವ ಓಣಿ ಅದು. ಹಂಡೆ ಬಿಂದಿಗೆಗಳ ಮೈಮೇಲೆ ಒಪ್ಪವಾದ ಸುತ್ತಿಗೆಯಿಂದ ಸಾಲುಸಾಲಾಗಿ ಹೊಡೆದ ಗುಳಿಗಳನ್ನು ಅಲ್ಲಿ ಮಠಾರ್ ಕಾಮ್ ಎನ್ನುತ್ತಾರೆ. ನೋಡುವವರಿಗೆ ಅದು ಅಲಂಕಾರ, ಮಾಡುವವರಿಗೆ ಪಾತ್ರೆಯನ್ನು ಗಡುಸುಮಾಡುವ ಉಪಾಯ. ಲೋಹ ಹೊಡೆತಕ್ಕೆ ಗಟ್ಟಿಯಾಗುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದುವ ಬದಲು ಆ ಓಣಿಯಲ್ಲಿ ಹತ್ತು ನಿಮಿಷ ನಿಂತು ಕಿವಿಯಿಂದ ಕಲಿಯಬಹುದು. ತಗಡಿಗೆ ಮರಾಠಿಯಲ್ಲಿ ಪತ್ರಾ ಎಂದೇ ಹೆಸರು, ಹುಬ್ಬಳ್ಳಿ ಧಾರವಾಡದ ಕಡೆಯವರಿಗೆ ಅದು ಪರಕೀಯವೂ ಅಲ್ಲ. ಅಂಗಡಿಯಲ್ಲಿ 'ಮವೂ ಪತ್ರಾ' ಎಂದು ಕೇಳಿದರೆ ಮೆತ್ತಗಿನ ತಗಡು ಸಿಗುತ್ತದೆ. ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಮುಂಬೈಯವರಿಗೆ ಪಾಯಧೋನಿಯ ತಾಂಬಾ ಕಾಂಟಾ ಪೇಟೆ ಇದೆ.

ದಪ್ಪದ ವಿಷಯದಲ್ಲಿ ಒಂದು ಗೊಂದಲವನ್ನು ಮೊದಲೇ ಪರಿಹರಿಸಿಕೊಳ್ಳಬೇಕು. ಗೇಜ್ ಎಂಬ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳುವಾಗುತ್ತದೆ ಎಂಬುದು ಒಂದು. ನಮ್ಮ ಪೇಟೆಯ ಗೇಜೂ ಅಮೆರಿಕದ ವಿಡಿಯೋಗಳಲ್ಲಿ ಹೇಳುವ ಗೇಜೂ ಒಂದೇ ಅಲ್ಲ ಎಂಬುದು ಇನ್ನೊಂದು. ಇಲ್ಲಿ ಸಾಮಾನ್ಯವಾಗಿ ನಡೆಯುವ ಎಸ್‌ಡಬ್ಲ್ಯುಜಿ ಎಂಬ ಬ್ರಿಟಿಷ್ ಅಳತೆಯಲ್ಲಿ 24 ಗೇಜ್ ಎಂದರೆ ಸುಮಾರು 0.56 ಮಿಲಿಮೀಟರು, 26 ಎಂದರೆ 0.46, 28 ಎಂದರೆ 0.38. ಅಮೆರಿಕದ ಅಳತೆಯ 24, 26, 28 ಕ್ರಮವಾಗಿ 0.51, 0.40, 0.32 ಮಿಲಿಮೀಟರು. ಆದ್ದರಿಂದ ಗೇಜ್ ಬಿಟ್ಟು ಮಿಲಿಮೀಟರಿನಲ್ಲಿ ಕೇಳುವುದೇ ಕ್ಷೇಮ. ಮುಂದೆ ಬರುವ ಗೆರೆಮಡಿಕೆಗೂ ಪದಕಕ್ಕೂ ನಾನು ಬಳಸುವುದು 0.46, ಓಲೆಗೆ 0.38. ಮಡಚಿದ ಮೇಲೆ ಸುತ್ತಿಗೆ ಎರಡು ಪದರಗಳ ದಪ್ಪವನ್ನು ಎದುರಿಸಬೇಕಾಗುತ್ತದೆ ಎಂಬುದನ್ನು ಮರೆತು 0.7 ಮಿಲಿಮೀಟರಿನ ತಗಡು ತಂದವರು ಮಧ್ಯಾಹ್ನದ ಹೊತ್ತಿಗೆ ಭುಜ ನೀವಿಕೊಳ್ಳುತ್ತಿರುತ್ತಾರೆ.

ಕಿವಿಗೆ ತೂಕದ ಲೆಕ್ಕವೂ ಬೇಕು. ಬಿಚ್ಚಿದಾಗ 5 ಸೆಂಟಿಮೀಟರು ಉದ್ದ, 3 ಸೆಂಟಿಮೀಟರು ಅಗಲ ಬರುವ ಎಲೆಯಲ್ಲಿ ಸರಿಸುಮಾರು 10 ಚದರ ಸೆಂಟಿಮೀಟರು ತಗಡು ಇರುತ್ತದೆ. ತಾಮ್ರದ ಸಾಂದ್ರತೆ ಘನ ಸೆಂಟಿಮೀಟರಿಗೆ 8.96 ಗ್ರಾಂ. ಅಂದರೆ 0.38ರ ತಗಡಿನಲ್ಲಿ ಆ ಎಲೆ ಮೂರೂವರೆ ಗ್ರಾಮಿನೊಳಗೆ ಮುಗಿಯುತ್ತದೆ, 0.56ರಲ್ಲಿ ಐದು ಗ್ರಾಂ ಆಗುತ್ತದೆ. ಬಡಿದಾಗ ಎಲೆ ದೊಡ್ಡದಾಗಿ ಕಂಡರೂ ತೂಕ ಬದಲಾಗುವುದಿಲ್ಲ.

ಉಪಕರಣಗಳ ಪಟ್ಟಿ ಉದ್ದವೇನಿಲ್ಲ. ಬಡಿಯುವಾಗ ತಗಡಿನ ಕೆಳಗಿಡಲು ಒಂದು ಅಡಿಗಲ್ಲು ಅಥವಾ ಚೊಕ್ಕಟವಾದ ಉಕ್ಕಿನ ದಿಮ್ಮಿ, ಒಂದು ಮರದ ಕೊಡತಿ, ಚಪ್ಪಟೆ ಮುಖದ ಒಂದು ಸುತ್ತಿಗೆ, ಕ್ರಾಸ್‌ಪೀನ್ ಎಂದು ಕರೆಯುವ, ಹಿಂಬದಿಯಲ್ಲಿ ಮೊಂಡು ಉಳಿಯಂತೆ ಅಡ್ಡಬಾಯಿ ಇರುವ ಇನ್ನೊಂದು ಸುತ್ತಿಗೆ, ತಗಡಿನ ಕತ್ತರಿ, ಅರ, ಎಮರಿ ಕಾಗದ, ಉದ್ದ ಹಿಡಿಯ ಇಕ್ಕಳ, ಕಾಸುವುದಕ್ಕೆ ಗ್ಯಾಸ್ ಟಾರ್ಚು, ಅದರ ಕೆಳಗೆ ಭಟ್ಟಿಗೆ ಬಳಸುವ ಎರಡು ಇಟ್ಟಿಗೆ. ಕ್ರಾಸ್‌ಪೀನ್‌ನ ಬಾಯಿ ಚೂಪಾಗಿದ್ದರೆ ತಗಡನ್ನು ಕತ್ತರಿಸಿಬಿಡುತ್ತದೆ, ಕೊಂಡು ತಂದ ದಿನವೇ ಅರದಿಂದ ಉಜ್ಜಿ ಉಂಗುರಬೆರಳಿನ ತುದಿಯಷ್ಟು ದುಂಡಗೆ ಮಾಡಿಕೊಳ್ಳಿ. ಸುತ್ತಿಗೆಯ ಮುಖದಲ್ಲಿರುವ ಪ್ರತಿಯೊಂದು ಗೀರೂ ಆಭರಣದ ಮೇಲೆ ಅಚ್ಚಾಗಿ ಬೀಳುತ್ತದೆ.

ಹದ

ಈ ಕೆಲಸದಲ್ಲಿ ಮುಖ್ಯವಾದದ್ದು ಸುತ್ತಿಗೆಯಲ್ಲ, ಬೆಂಕಿ. ಎರಡು ದಿನದಲ್ಲಿ ನಾವು ಬಡಿಯುವ ಹೊತ್ತಿಗಿಂತ ಕಾಸುವ, ಆರಿಸುವ, ಉಜ್ಜುವ ಹೊತ್ತೇ ಹೆಚ್ಚಾಗಿದ್ದರೆ ಕಮ್ಮಟ ಸರಿಯಾಗಿ ನಡೆದಿದೆ ಎಂದು ತಿಳಿಯುತ್ತೇನೆ.

ತಗಡಿನೊಳಗೆ ಲೋಹ ಸಣ್ಣ ಸಣ್ಣ ಹರಳುಗಳಾಗಿ ಜೋಡಣೆಗೊಂಡಿರುತ್ತದೆ. ಪ್ರತಿ ಪೆಟ್ಟಿಗೂ ಆ ಹರಳುಗಳು ಜಾರಿ, ತಿರುಚಿ, ಒಂದಕ್ಕೊಂದು ಸಿಕ್ಕಿಕೊಂಡು, ಮುಂದೆ ಜಾರುವುದಕ್ಕೆ ಜಾಗವಿಲ್ಲದಂತಾಗುತ್ತವೆ. ನಮಗೆ ಅದು ಗಡಸುತನವಾಗಿ ಕಾಣುತ್ತದೆ. ಆ ಸ್ಥಿತಿಯಲ್ಲಿ ಇನ್ನೂ ಬಡಿದರೆ ಲೋಹಕ್ಕೆ ಉಳಿಯುವ ದಾರಿ ಬಿರಿಯುವುದೊಂದೇ. ಕಾಸಿದಾಗ ಹಳೆಯ ಹರಳುಗಳ ಜಾಗದಲ್ಲಿ ಹೊಸ ಹರಳುಗಳು ಹುಟ್ಟಿ, ತಗಡು ಮತ್ತೆ ಬಾಗುವಂತಾಗುತ್ತದೆ. ಇದನ್ನೇ ಹದ ಮಾಡುವುದು ಎನ್ನುತ್ತೇವೆ.

ತಾಮ್ರದ ಹದವನ್ನು ಕಣ್ಣಿನಿಂದಲೇ ನೋಡಬೇಕು, ಆದ್ದರಿಂದ ಬಿಸಿಲಿನಲ್ಲಿ ಕಾಸಬಾರದು. ನಮ್ಮ ತಾರಸಿಯ ಮೂಲೆಯಲ್ಲಿ, ಮೂರು ಕಡೆ ಗಾಳಿಯಾಡುವಂತೆ ಬಿಟ್ಟು, ಇಟ್ಟಿಗೆಗಳ ಮೇಲೆ ಮಾತ್ರ ನೆರಳು ಬೀಳುವಂತೆ ತಗಡಿನ ಮರೆ ಮಾಡಿಕೊಂಡಿದ್ದೇನೆ. ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ, ದೋಸೆಯ ಮೇಲೆ ಎಣ್ಣೆ ಸುತ್ತಿದಂತೆ ಸುತ್ತಿಸುತ್ತ ಹೋಗಬೇಕು. ಮೊದಲು ಮೇಲ್ಮೈಯಲ್ಲಿ ಕಿತ್ತಳೆ, ನೇರಳೆ ಬಣ್ಣಗಳು ಓಡಾಡುತ್ತವೆ, ಆಮೇಲೆ ಮೈಯೆಲ್ಲ ಕಪ್ಪಾಗುತ್ತದೆ, ಕೊನೆಗೆ ಆ ಕಪ್ಪಿನೊಳಗಿಂದ ಮಂಕು ಕೆಂಪು ಮೂಡುತ್ತದೆ. ಆ ಕೆಂಪು ತಗಡಿನ ಉದ್ದಕ್ಕೂ ಒಮ್ಮೆ ಹಾದುಹೋದರೆ ಸಾಕು. ಕಿತ್ತಳೆ ಬಣ್ಣದವರೆಗೆ ಕಾಸಿದರೆ ಹರಳುಗಳು ದಪ್ಪವಾಗಿ ಬೆಳೆದು, ಮುಂದೆ ಬಾಗಿಸಿದಾಗ ಮೈ ಕಿತ್ತಳೆಹಣ್ಣಿನ ಸಿಪ್ಪೆಯಂತೆ ಒರಟಾಗುತ್ತದೆ.

ತಾಮ್ರವನ್ನು ಕಾಸಿದ ಕೂಡಲೇ ನೀರಿಗೆ ಹಾಕಬಹುದು. ಉಕ್ಕಿನಂತೆ ಅದು ನೀರಿನಲ್ಲಿ ಗಡುಸಾಗುವುದಿಲ್ಲ. ಆದರೆ ಮಡಚಿದ ತುಂಡನ್ನು ನೀರಿಗಿಡುವಾಗ ಎರಡು ಪದರಗಳ ನಡುವೆ ಸಿಕ್ಕಿಕೊಂಡ ನೀರು ಆವಿಯಾಗಿ ಬಾಯಿಯ ಕಡೆಯಿಂದ ಚಿಮ್ಮುತ್ತದೆ. ಮಡಿಕೆಯ ಬೆನ್ನು ನಿಮ್ಮ ಕಡೆಗೆ, ತೆರೆದ ಬಾಯಿ ಆಚೆಗೆ ಇರುವಂತೆ ಇಕ್ಕಳದಲ್ಲಿ ಹಿಡಿದು, ಕೈಯನ್ನು ಪಕ್ಕಕ್ಕಿಟ್ಟುಕೊಂಡು ಅದ್ದಿ. ಹತ್ತಿಯ ಬಟ್ಟೆ, ಕಟ್ಟಿದ ಕೂದಲು, ಕಣ್ಣಿಗೆ ಕನ್ನಡಕ, ಮುಚ್ಚಿದ ಚಪ್ಪಲಿ ಇಲ್ಲದವರನ್ನು ನಾನು ಟಾರ್ಚಿನ ಹತ್ತಿರ ಬಿಡುವುದಿಲ್ಲ. ನೈಲಾನ್ ದುಪಟ್ಟಾ ಹಾಕಿಕೊಂಡು ಬಂದವರಿಗೆ ಮನೆಯಿಂದ ಒಂದು ಹಳೆಯ ಅಂಗಿ ಸಿಗುತ್ತದೆ.

ಕಾಸಿದ ತಗಡಿನ ಮೇಲೆ ನಿಲ್ಲುವ ಕಪ್ಪನ್ನು ಪ್ರತಿ ಸಲವೂ ತೆಗೆಯಬೇಕು, ಇಲ್ಲದಿದ್ದರೆ ಮುಂದಿನ ಪೆಟ್ಟುಗಳು ಅದನ್ನು ಲೋಹದೊಳಕ್ಕೆ ಒತ್ತಿಬಿಡುತ್ತವೆ. ಅಕ್ಕಸಾಲಿಗರು ಗಂಧಕಾಮ್ಲದ ತಿಳಿ ದ್ರಾವಣ ಬಳಸುತ್ತಾರೆ. ಮನೆಯಲ್ಲಿ ಮಾಡುವವರಿಗೆ ದಿನಸಿ ಅಂಗಡಿಯ ನಿಂಬೆಉಪ್ಪೇ ಸಾಕು, ಒಂದು ಲೀಟರು ಬಿಸಿನೀರಿಗೆ ಸುಮಾರು 100 ಗ್ರಾಂ. ಗಾಜಿನ ಅಥವಾ ಪಿಂಗಾಣಿಯ ಪಾತ್ರೆಯಲ್ಲಿ ಬೆಚ್ಚಗಿಟ್ಟರೆ ಕಾಲು ಗಂಟೆಯಲ್ಲಿ ಕಪ್ಪು ಬಿಡುತ್ತದೆ. ಅದರೊಳಕ್ಕೆ ಕಬ್ಬಿಣದ ಇಕ್ಕಳವನ್ನು ಇಳಿಸಬೇಡಿ. ಕಬ್ಬಿಣ ಸೋಕಿದರೆ ದ್ರಾವಣದಲ್ಲಿ ಕರಗಿರುವ ತಾಮ್ರ ಹೊರಬಂದು ಒಳಗಿರುವ ತುಂಡುಗಳ ಮೇಲೆ ಕೂರುತ್ತದೆ. ತಾಮ್ರದಲ್ಲಿ ಅದು ಗೊತ್ತಾಗುವುದಿಲ್ಲ, ಬೆಳ್ಳಿಯಿದ್ದರೆ ಗುಲಾಬಿ ಬಣ್ಣಕ್ಕೆ ತಿರುಗಿ ನಿಮ್ಮ ಮುಖ ಸಣ್ಣದಾಗುತ್ತದೆ. ಬಿದಿರಿನ ಅಥವಾ ತಾಮ್ರದ ಚಿಮಟ ಇಟ್ಟುಕೊಳ್ಳಿ.

ಮೊದಲ ಮಡಿಕೆ: ಬರಿಯ ಗೆರೆ

ಹತ್ತು ಸೆಂಟಿಮೀಟರು ಉದ್ದ, ಐದು ಸೆಂಟಿಮೀಟರು ಅಗಲದ ಹದವಾದ ತಗಡನ್ನು ತೆಗೆದುಕೊಳ್ಳಿ. ಗೆರೆ ಎಲ್ಲಿ ಬೇಕೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಆ ಗುರುತನ್ನು ಮೇಜಿನ ನೇರವಾದ ಅಂಚಿಗೆ ಹೊಂದಿಸಿ, ಅಂಗೈಯಿಂದ ಕೆಳಕ್ಕೆ ಒತ್ತಿ ಬಾಗಿಸಿ. ಅರ್ಧಕ್ಕೆ ಬಾಗಿದ ಮೇಲೆ ವೀಳ್ಯದೆಲೆ ಮಡಚುವಂತೆ ಬೆರಳುಗಳಿಂದಲೇ ಮುಚ್ಚಿ, ನಂತರ ಕೊಡತಿಯಿಂದ ಮಡಿಕೆಯ ಉದ್ದಕ್ಕೂ ಬಡಿದು ಪದರಗಳನ್ನು ಒಂದಕ್ಕೊಂದು ಕೂರಿಸಿ. ಈಗ ಚಪ್ಪಟೆ ಸುತ್ತಿಗೆಯಿಂದ, ಅಡಿಗಲ್ಲಿನ ಮೇಲಿಟ್ಟು, ಮಡಿಕೆಯ ಬೆನ್ನಿನ ಅಂಚಿಗೆ ಮಾತ್ರ ಒಂದು ಸಾಲು ಹಗುರವಾದ ಪೆಟ್ಟು ಕೊಡಿ.

ಇಲ್ಲಿಂದ ಮುಂದೆ ಬಿಚ್ಚುವ ಕೆಲಸ. ಆತುರದವರು ಇಲ್ಲೇ ಸೋಲುತ್ತಾರೆ. ಬೆನ್ನಿನ ಅಂಚಿನಲ್ಲಿ ಲೋಹ ತುಂಬ ಬಾಗಿ, ಮೇಲಿಂದ ಪೆಟ್ಟನ್ನೂ ತಿಂದು, ಇಡೀ ತಗಡಿನಲ್ಲೇ ಅತ್ಯಂತ ಗಡುಸಾಗಿರುತ್ತದೆ. ಅದನ್ನು ಕಾಸದೆ ಬಿಚ್ಚಿದರೆ ಬಿರುಕು ಖಚಿತ. ಕಾಸಿ, ಅದ್ದಿ, ಕಪ್ಪು ತೆಗೆದು, ಒರೆಸಿ, ಮೊಂಡಾದ ಊಟದ ಚಾಕುವನ್ನು ಪದರಗಳ ನಡುವೆ ತೂರಿಸಿ ಸಡಿಲಮಾಡಿಕೊಂಡು, ಪುಸ್ತಕ ತೆರೆದಂತೆ ಎರಡೂ ಕೈಯಿಂದ ತೆರೆಯಿರಿ. ಇಕ್ಕಳ ಹಾಕಬೇಡಿ, ಅದರ ಹಲ್ಲಿನ ಗುರುತು ಹೋಗುವುದಿಲ್ಲ. ಬಿಚ್ಚಿದ ತಗಡನ್ನು ಏಣು ಮೇಲಾಗಿರುವಂತೆ ಮಲಗಿಸಿ, ಏಣಿನ ಎರಡೂ ಪಕ್ಕ ಕೊಡತಿಯಿಂದ ಒತ್ತಿ ಬಡಿದರೆ ತಗಡು ಸಮವಾಗುತ್ತದೆ, ಏಣು ಮಾತ್ರ ಸಮವಾಗದೆ ತೆಳುವಾದ ಉಬ್ಬುಗೆರೆಯಾಗಿ ನಿಲ್ಲುತ್ತದೆ. ಮಡಿಕೆಯ ತುತ್ತತುದಿ ತಾನು ಬಿಚ್ಚಿಕೊಳ್ಳದೆ ಅದರ ಪಕ್ಕದ ಲೋಹ ಬಾಗಿಕೊಟ್ಟದ್ದರ ಫಲ ಈ ಗೆರೆ. ಅದರ ನೆತ್ತಿಗೆ ಉಕ್ಕಿನ ಸುತ್ತಿಗೆಯಿಂದ ಒಂದು ಸಾಲು ಸಣ್ಣ ಪೆಟ್ಟು ಕೊಟ್ಟರೆ ಗೆರೆ ಇನ್ನಷ್ಟು ಖಚಿತವಾಗಿ ಮೂಡುತ್ತದೆ. ತಗಡಿಗೆ ಒಂದು ತಂತಿಯನ್ನು ಬೆಸೆದಂತೆ ಕಾಣುವ ಈ ಗೆರೆಯನ್ನು ಮೊದಲ ಸಲ ನೋಡಿದವರು ಹಿಂದುಮುಂದು ತಿರುಗಿಸಿ ಬೆಸುಗೆ ಹುಡುಕುವುದುಂಟು.

ಒಂದು ಗೆರೆ ಬಂದ ಮೇಲೆ ಅದನ್ನು ಅಡ್ಡಹಾಯುವ ಇನ್ನೊಂದು ಗೆರೆ, ಓರೆಯಾಗಿ ಮೂರನೆಯದು, ಎಲ್ಲಕ್ಕೂ ಕ್ರಮ ಇದೇ. ಗೆರೆಗಳು ಕೂಡುವಲ್ಲಿ ಪದರ ದಪ್ಪವಾಗುವುದರಿಂದ ಅಲ್ಲಿ ಕೊಡತಿಯನ್ನು ಬಿಟ್ಟು ಬೇರೇನನ್ನೂ ಬಳಸಬೇಡಿ. ಸೀರೆಯ ನೆರಿಗೆಯಂತೆ ಸಾಲಾಗಿ ಮಡಚಿ ಒಂದು ತುದಿಯನ್ನು ವೈಸಿನಲ್ಲಿ, ಅಂದರೆ ತಿರುಪಿನಿಂದ ಬಿಗಿಯುವ ಹಿಡಿಯಲ್ಲಿ, ಬಿಗಿದು ಇನ್ನೊಂದು ತುದಿಯನ್ನು ಬೀಸಣಿಗೆಯಾಗಿ ಹರಡುವುದೂ ಆಗುತ್ತದೆ.

ಎಲೆ

ಎರಡನೆಯ ದಿನವೆಲ್ಲ ಎಲೆಗೆ ಮೀಸಲು. ಎಂಟು ಸೆಂಟಿಮೀಟರು ಉದ್ದ, ಆರು ಸೆಂಟಿಮೀಟರು ಅಗಲದ ತಗಡನ್ನು ಉದ್ದಕ್ಕೆ ಮಡಚಿ, ಕೊಡತಿಯಿಂದ ಮುಚ್ಚಿ. ಬೆನ್ನಿಗೆ ಉಕ್ಕಿನ ಸುತ್ತಿಗೆ ಬೇಡ. ಮಡಿಕೆಯ ಬೆನ್ನೇ ಎಲೆಯ ನಡುನರ ಎಂದು ಭಾವಿಸಿ, ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ಅರ್ಧ ಎಲೆಯ ಬಾಗನ್ನು ಬರೆದು, ಎರಡು ಪದರವನ್ನೂ ಒಟ್ಟಿಗೆ ಕತ್ತರಿಸಿ. ಅಂಚುಗಳೆರಡೂ ಒಂದೇ ಸಮ ಇರುವಂತೆ ಅರ ಹಾಕಿ, ಕಾಸಿ ಹದಮಾಡಿ.

ಈಗ ಕ್ರಾಸ್‌ಪೀನ್ ಕೈಗೆ ಬರುತ್ತದೆ, ಮತ್ತು ಹತ್ತರಲ್ಲಿ ಎಂಟು ಜನ ಅದನ್ನು ತಪ್ಪಾಗಿ ಹಿಡಿಯುತ್ತಾರೆ. ಚಪಾತಿ ಲಟ್ಟಿಸುವಾಗ ಲಟ್ಟಣಿಗೆ ಅಡ್ಡ ಇದ್ದರೆ ಹಿಟ್ಟು ಹಿಂದೆ ಮುಂದೆ ಹರಿಯುತ್ತದೆಯೇ ಹೊರತು ಲಟ್ಟಣಿಗೆಯ ಉದ್ದಕ್ಕೆ ಹರಿಯುವುದಿಲ್ಲ. ಸುತ್ತಿಗೆಯ ಅಡ್ಡಬಾಯಿಯೂ ಹಾಗೆಯೇ ಲೋಹವನ್ನು ತನ್ನ ಎರಡೂ ಪಕ್ಕಕ್ಕೆ ತಳ್ಳುತ್ತದೆ. ನಮಗೆ ಎಲೆಯ ಅಂಚು ಉದ್ದವಾಗಬೇಕಾಗಿದೆ. ಆದ್ದರಿಂದ ಸುತ್ತಿಗೆಯ ಬಾಯಿ ಅಂಚಿನ ಜೊತೆಗೆ ಸಾಗುವಂತೆ ಅಲ್ಲ, ಅಂಚಿಗೆ ಅಡ್ಡವಾಗಿ, ಎಲೆಯ ಸಣ್ಣ ನರಗಳು ಇರುವ ದಿಕ್ಕಿನಲ್ಲೇ ಬೀಳಬೇಕು. ತೊಟ್ಟಿನಿಂದ ಶುರುಮಾಡಿ, ಒಂದು ಪೆಟ್ಟಿನ ಅರ್ಧದ ಮೇಲೆ ಮುಂದಿನ ಪೆಟ್ಟು ಕೂರುವಂತೆ, ತೆರೆದ ಅಂಚಿನ ಕಡೆಯ ಮೂರನೆಯ ಒಂದು ಭಾಗದ ಮೇಲೆ ಮಾತ್ರ ಹೊಡೆಯುತ್ತ ತುದಿಗೆ ಬನ್ನಿ. ತಿರುಗಿಸಿ, ಇನ್ನೊಂದು ಮಗ್ಗುಲಿಗೂ ಅಷ್ಟೇ ಪೆಟ್ಟು ಕೊಡಿ. ಒಂದೇ ಮಗ್ಗುಲಿಗೆ ಹೊಡೆದರೆ ಒಂದು ಪದರ ಹೆಚ್ಚು ಹಿಗ್ಗಿ, ಬಿಚ್ಚಿದಾಗ ಎಲೆ ಸೊಟ್ಟಗಾಗುತ್ತದೆ.

ಒಂದು ಸುತ್ತು ಮುಗಿಯುವಷ್ಟರಲ್ಲಿ ತುಂಡು ತಾನಾಗಿಯೇ ಕುಡುಗೋಲಿನಂತೆ ಬಾಗಿರುವುದನ್ನು ಕಾಣುತ್ತೀರಿ. ಬಡಿದ ಅಂಚು ಉದ್ದವಾಗಿ ಹೊರಬಾಗಾಗುತ್ತದೆ, ಬಡಿಯದ ಬೆನ್ನು ಒಳಬಾಗಾಗುತ್ತದೆ. ಯಾರೂ ಬಾಗಿಸಿದ್ದಲ್ಲ. ಇದಕ್ಕೆ ಬದಲಾಗಿ ಬೆನ್ನನ್ನು ಬಡಿದಿದ್ದರೆ ಬಾಗು ತಿರುವುಮುರುವಾಗುತ್ತಿತ್ತು. ಈ ಒಂದು ಸೂತ್ರ ಕೈಗೆ ಬಂದರೆ ಮುಂದಿನ ಆಕಾರಗಳನ್ನು ನೀವೇ ಊಹಿಸಿಕೊಳ್ಳಬಹುದು.

ಎಷ್ಟು ಬಡಿದ ಮೇಲೆ ನಿಲ್ಲಿಸಬೇಕು ಎಂಬುದಕ್ಕೆ ಪೆಟ್ಟಿನ ಲೆಕ್ಕವಿಲ್ಲ. ನಾನು ಮಾಡಿದ ಮೊದಲ ಎಲೆಯನ್ನು ಹುರುಪಿನಲ್ಲಿ ಕಾಸದೆಯೇ ಮೂರು ಸುತ್ತು ಬಡಿದು, ಕಾಸದೆಯೇ ಬಿಚ್ಚಲು ಹೋದೆ. ನಡುನರದ ಮೇಲೆ ಮೂರು ಸೆಂಟಿಮೀಟರು ಉದ್ದಕ್ಕೆ ಬಾಯಿ ಬಿಟ್ಟಿತು. ಆ ತುಂಡನ್ನು ತಾಂಬಟ್ ಆಳಿಯ ಒಬ್ಬ ಹಿರಿಯ ಕೆಲಸಗಾರರಿಗೆ ತೋರಿಸಿದಾಗ ಅವರು ಬಿರುಕನ್ನು ನೋಡಲೇ ಇಲ್ಲ. ಉಗುರಿನಿಂದ ಅಂಚನ್ನು ಮೀಟಿ, ಕಿವಿಯ ಹತ್ತಿರ ಹಿಡಿದು, 'ಪತ್ರಾ ಓರಡತೋಯ್' ಎಂದರು. ತಗಡು ಕಿರುಚಿಕೊಳ್ಳುತ್ತಿದೆ ಎಂದು ಅದರ ಅರ್ಥ. ಹದವಾದ ತಗಡಿನ ಮೇಲೆ ಪೆಟ್ಟು ಬಿದ್ದರೆ ದಪ್ಪಗೆ, ಒದ್ದೆ ಹಲಗೆಗೆ ಹೊಡೆದಂತೆ ಕೇಳುತ್ತದೆ. ಗಡುಸಾದಂತೆ ಸದ್ದು ಏರಿ, ಕೊನೆಗೆ ಗಂಟೆಯಂತೆ ಕಣಕಣ ಎನ್ನುತ್ತದೆ, ಸುತ್ತಿಗೆಯೂ ಕೈಯಲ್ಲಿ ಪುಟಿಯತೊಡಗುತ್ತದೆ. ಸದ್ದು ಏರಿತೆಂದರೆ ಕೆಳಗಿಟ್ಟು ಕಾಸಬೇಕು, ಇನ್ನೊಂದೇ ಸಾಲು ಎನ್ನಬಾರದು. ಹೋದ ಚಳಿಗಾಲದಲ್ಲಿ ಬಂದಿದ್ದ ಧಾರವಾಡದ ಒಬ್ಬ ಹಿರಿಯರು, ಬಾಳೆಲ್ಲ ಕಾರ್ಖಾನೆಯಲ್ಲಿ ಕಳೆದವರು, ಪ್ರತಿ ಸಲವೂ "ಅಕ್ಕಾರ, ಇನ್ನ ಎರಡ ಪೆಟ್ಟು ಹಾಕ್ತೀನ್ರೀ" ಎಂದು ಕೇಳುತ್ತಿದ್ದರು. "ಬ್ಯಾಡ್ರೀ ಕಾಕಾ, ಮೊದಲ ಕಾಸ್ರಿ" ಎಂದು ನಾನು ಹೇಳುವುದೂ ತಪ್ಪುತ್ತಿರಲಿಲ್ಲ. ಅವರ ಎಲೆ ಬಿರಿಯಲಿಲ್ಲ. ನನ್ನ ಬಿರಿದ ಎಲೆ ಇಂದಿಗೂ ತಾರಸಿಯ ಗೋಡೆಯ ಮೊಳೆಗೆ ನೇತುಬಿದ್ದಿದೆ; ಬಂದವರಿಗೆಲ್ಲ ಮೊದಲು ಅದನ್ನೇ ತೋರಿಸುತ್ತೇನೆ.

ಎರಡು ಅಥವಾ ಮೂರು ಸುತ್ತು, ನಡುನಡುವೆ ಹದ, ಇಷ್ಟಾದರೆ ಬಿಚ್ಚುವ ಹೊತ್ತು ಬಂತು. ಕೊನೆಯ ಸಲ ಕಾಸಿ, ತಣಿಸಿ, ಒರೆಸಿ, ಚಾಕುವನ್ನು ಮೊದಲು ತೊಟ್ಟಿನ ಕಡೆ, ಆಮೇಲೆ ತುದಿಯ ಕಡೆ, ಕೊನೆಗೆ ನಡುವೆ ತೂರಿಸಿ ಸ್ವಲ್ಪ ಸ್ವಲ್ಪವಾಗಿ ತೆರೆಯಿರಿ. ಅಂಚುಗಳು ನಡುನರಕ್ಕಿಂತ ಉದ್ದವಾಗಿರುವುದರಿಂದ ಅವು ಸಮವಾಗಿ ಮಲಗಲಾರವು. ಲಂಗದ ಅಂಚು ಸೊಂಟಪಟ್ಟಿಗಿಂತ ಉದ್ದವಾಗಿದ್ದಾಗ ಅಲೆಅಲೆಯಾಗಿ ಇಳಿಯುವಂತೆ ಎಲೆಯ ಅಂಚೂ ಅಲೆಗಟ್ಟುತ್ತದೆ, ನಡುನರ ಬಿಲ್ಲಾಗಿ ನಿಲ್ಲುತ್ತದೆ, ಕ್ರಾಸ್‌ಪೀನ್‌ನ ಗುರುತುಗಳು ಸಣ್ಣ ನರಗಳಾಗಿ ಉಳಿಯುತ್ತವೆ. ಪೂರ್ತಿ ತೆರೆಯಲೇಬೇಕೆಂದಿಲ್ಲ. ಅರ್ಧ ತೆರೆದ ಎಲೆ ಹೆಸರುಕಾಳಿನ ಕಾಯಿಯಂತೆ, ಕಾಲುಭಾಗ ತೆರೆದದ್ದು ಮೊಗ್ಗಿನಂತೆ ಕಾಣುತ್ತದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಕಿವಿಗೆ ಅವೇ ಹೆಚ್ಚು ಒಪ್ಪುತ್ತವೆ. ಬಿಚ್ಚುವಾಗ ಗಟ್ಟಿ ಎನಿಸಿದರೆ ಒತ್ತಡ ಹಾಕದೆ ಮತ್ತೊಮ್ಮೆ ಕಾಸಿ.

ಸಮಯದ ಬಗ್ಗೆಯೂ ಒಂದು ಮಾತು. ಪುಣೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಹಳೆಯ ಅಂಗಡಿಗಳೇ ಬಾಗಿಲು ಹಾಕುತ್ತವೆ, ಇನ್ನು ನೆರೆಮನೆಯವರ ತಲೆಯ ಮೇಲೆ ಆರು ಸುತ್ತಿಗೆ ಬಡಿದರೆ ಸೊಸೈಟಿಯ ಸಭೆಯಲ್ಲಿ ನಮ್ಮ ಹೆಸರು ಬರುತ್ತದೆ. ಕತ್ತರಿಸುವುದು, ಅರ ಹಾಕುವುದು, ನಿಂಬೆಉಪ್ಪಿನಲ್ಲಿ ನೆನೆಸುವುದು, ಇವುಗಳನ್ನೆಲ್ಲ ಆ ಹೊತ್ತಿಗೆ ಇಟ್ಟುಕೊಳ್ಳಿ.

ಬೆಳ್ಳಿಗೆ ಹೋಗುವ ಮೊದಲು

ತಾಮ್ರದಲ್ಲಿ ಮೂರು ಎಲೆ ಬಿರಿಯದೆ ಬಂದ ಮೇಲೆ ಬೆಳ್ಳಿ ಮುಟ್ಟಬಹುದು. ಆಭರಣದ 925 ಬೆಳ್ಳಿಯಲ್ಲಿ ಸಾವಿರಕ್ಕೆ 925 ಭಾಗ ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಅದರ ಹದ 600ರಿಂದ 650 ಡಿಗ್ರಿಯೊಳಗೆ, ಆದರೆ 800ರ ಆಸುಪಾಸಿನಲ್ಲೇ ಅದು ಕರಗತೊಡಗುವುದರಿಂದ ತಾಮ್ರಕ್ಕಿದ್ದ ಸಲಿಗೆ ಇಲ್ಲಿಲ್ಲ. ಪರ್ಮನೆಂಟ್ ಮಾರ್ಕರಿನಿಂದ ತಗಡಿನ ಮೇಲೆ ಒಂದು ಗೀಟು ಎಳೆದುಕೊಂಡು ಕಾಸಿ, ಗೀಟು ಮಾಯವಾದಾಗ ಹದ ಹತ್ತಿರ ಬಂದಿದೆ ಎಂದು ಅರ್ಥ. ಕೆಂಪು ಆರಿದ ಮೇಲೆ ನೀರಿಗೆ ಹಾಕಿ.

ಮುಗಿಸುವ ಕೆಲಸ

ಮಡಚಿದ ತುಂಡಿನ ದೊಡ್ಡ ಶತ್ರು ಅದರ ಸಂದಿ. ಅಲ್ಲಿ ಉಳಿದ ಹುಳಿ ತಿಂಗಳ ನಂತರ ಹಸಿರು ಕಿಲುಬಾಗಿ ಹೊರಬರುತ್ತದೆ. ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ಕುದಿಸಿ, ತೊಳೆದು, ಚೆನ್ನಾಗಿ ಒಣಗಿಸಿ. ಅಂಚುಗಳನ್ನು ಅರದಿಂದ ದುಂಡಗೆ ಮಾಡಿ, 220, 400, 600 ನಂಬರಿನ ಎಮರಿ ಕಾಗದದಿಂದ ಅದೇ ಕ್ರಮದಲ್ಲಿ ಉಜ್ಜಿ. ಬಡಿದ ಅಂಚು ಬ್ಲೇಡಿನಂತೆ ತೆಳುವಾಗಿರುತ್ತದೆ, ಕುತ್ತಿಗೆಯ ಹತ್ತಿರ ತೂಗಾಡುವ ವಸ್ತುವಿನಲ್ಲಿ ಇದನ್ನು ಉದಾಸೀನ ಮಾಡಬಾರದು. ಹೆಬ್ಬೆರಳನ್ನು ಅಂಚಿನ ಉದ್ದಕ್ಕೂ ಎಳೆದಾಗ ಎಲ್ಲಿಯೂ ಕಚ್ಚಬಾರದು. ಹಿತ್ತಾಳೆಯ ಬ್ರಷ್ಷು, ಸಾಬೂನು ನೀರು ಸಾಕಷ್ಟು ಒಪ್ಪ ಕೊಡುತ್ತವೆ, ಹುಣಸೆಹಣ್ಣೂ ತನ್ನ ಕೆಲಸ ಮಾಡುತ್ತದೆ.

ಏಣುಗಳು ಎದ್ದು ಕಾಣಬೇಕಾದರೆ ತಗ್ಗುಗಳು ಕಪ್ಪಾಗಬೇಕು. ಬೇಯಿಸಿದ ಬಿಸಿ ಮೊಟ್ಟೆಯನ್ನು ಹಿಸುಕಿ, ಗಾಳಿಯಾಡದ ಡಬ್ಬಿಯಲ್ಲಿ ಆಭರಣಕ್ಕೆ ತಾಕದಂತೆ ಇಟ್ಟು ಮುಚ್ಚಿದರೆ, ಮೊಟ್ಟೆಯ ಗಂಧಕದ ಆವಿಗೆ ಕೆಲವು ಗಂಟೆಗಳಲ್ಲಿ ತಾಮ್ರವೂ ಬೆಳ್ಳಿಯೂ ಕಂದಿ ಕಪ್ಪಾಗುತ್ತವೆ. ಉಬ್ಬುಗಳನ್ನು ಮಾತ್ರ ನಯವಾದ ಎಮರಿಯಿಂದ ಉಜ್ಜಿ ಹೊಳಪು ತಂದು, ಕೊನೆಗೆ ಜೇನುಮೇಣ ಸವರಿ ಬಟ್ಟೆಯಿಂದ ತಿಕ್ಕಿ. ಮನೆಯೊಳಗೆ ಮೊಟ್ಟೆ ತರದವರಿದ್ದರೆ ಕಪ್ಪು ಮಾಡುವುದನ್ನು ಬಿಟ್ಟುಬಿಡಿ, ಪುಣೆಯ ಒಂದು ಮಳೆಗಾಲ ಆ ಕೆಲಸವನ್ನು ತಾನೇ ಮಾಡಿಕೊಡುತ್ತದೆ.

ಕೊಕ್ಕೆಗೆ ಬೆಸುಗೆ ಹಾಕಿದರೆ ಮತ್ತೆ ಕಾಸಬೇಕಾಗುತ್ತದೆ, ಕಾಸಿದರೆ ಎಲೆ ಮೆತ್ತಗಾಗಿ ಕಿವಿಯಲ್ಲಿ ಆಕಾರ ಕೆಡುತ್ತದೆ. ತೊಟ್ಟಿನಲ್ಲಿ ಒಂದು ತೂತು ಕೊರೆದು, ತಂತಿಯ ಸಣ್ಣ ಉಂಗುರ ಹಾಕಿ, ಅದಕ್ಕೆ 0.8 ಮಿಲಿಮೀಟರಿನ 925 ಬೆಳ್ಳಿ ತಂತಿಯ ಕೊಕ್ಕೆ ಸಿಕ್ಕಿಸಿ. ಚುಚ್ಚಿದ ಕಿವಿಗೆ ತಾಮ್ರದ ಕೊಕ್ಕೆ ಬೇಡ, ಬೆವರಿಗೆ ಹಸಿರು ಬಿಡುತ್ತದೆ. ಎಲ್ಲ ಮುಗಿದ ಮೇಲೆ ಎಲೆಯನ್ನು ಮರಳು ತುಂಬಿದ ಚೀಲದ ಮೇಲಿಟ್ಟು ಕೊಡತಿಯಿಂದ ಅಲ್ಲಲ್ಲಿ ಹಗುರವಾಗಿ ತಟ್ಟಿದರೆ ಬೇಕಾದಷ್ಟು ಗಡುಸು ಬರುತ್ತದೆ. ಇಲ್ಲಿಯವರೆಗೆ ತೊಂದರೆಯಾಗಿದ್ದ ಗಡಸುತನ ಕೊನೆಯಲ್ಲಿ ಉಪಕಾರಕ್ಕೆ ಬರುತ್ತದೆ, ಆದ್ದರಿಂದ ಅದಾದ ಮೇಲೆ ಮತ್ತೆ ಕಾಸಲೇಬೇಡಿ.

ಉಳಿಯುವುದು ನಿಂಬೆಉಪ್ಪಿನ ನೀರು. ಎರಡು ದಿನದಲ್ಲಿ ಅದು ಮೈಲುತುತ್ತದಂತೆ ನೀಲಿಗಟ್ಟಿರುತ್ತದೆ, ಏಕೆಂದರೆ ಅದರಲ್ಲಿ ತಾಮ್ರ ಕರಗಿದೆ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವವರಿಗೆ ತಾಮ್ರ ಶಿಲೀಂಧ್ರವನ್ನು ಕೊಲ್ಲುವುದು ಗೊತ್ತು. ಅದು ಮೀನನ್ನೂ ಕೊಲ್ಲುತ್ತದೆ. ಬಚ್ಚಲಿಗೂ ಹೂಕುಂಡಕ್ಕೂ ಸುರಿಯದೆ, ಹೆಸರು ಬರೆದ ಮುಚ್ಚಳದ ಜಾಡಿಯಲ್ಲಿ ಮಕ್ಕಳ ಕೈಗೆ ಎಟುಕದ ಕಡೆ ಇಟ್ಟರೆ ಮುಂದಿನ ಹತ್ತಾರು ಸಲಕ್ಕೆ ಬರುತ್ತದೆ. ಕಪ್ಪು ತೆಗೆಯುವ ಶಕ್ತಿ ಕಳೆದುಕೊಂಡಾಗ ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಸಿಲಿಗಿಟ್ಟು ನೀರು ಆರಿಸಿ, ಉಳಿದ ನೀಲಿ ಪುಡಿಯನ್ನು ಕಾಗದದಲ್ಲಿ ಕಟ್ಟಿ, ಹಳೆಯ ಬ್ಯಾಟರಿ, ಬಲ್ಬುಗಳ ಜೊತೆ ಅಪಾಯಕಾರಿ ಕಸಕ್ಕೆ ಬೇರೆಯಾಗಿ ಕೊಡಿ. ಕತ್ತರಿಸಿ ಉಳಿದ ತಾಮ್ರದ ಚೂರುಗಳನ್ನು ಭಂಗಾರದವರು, ಅಂದರೆ ಗುಜರಿಯವರು, ತೂಗಿ ಕೊಳ್ಳುತ್ತಾರೆ.